ಮುಕ್ಕಾಲು ಎಕರೆಯ ಲೆಕ್ಕ: ಗಡಿನಾಡಿನ ಗಣಿತ ಪಠ್ಯದಲ್ಲಿ ಬದುಕು ಮತ್ತು ನುಡಿ

ಪ್ರಾಥಮಿಕ ಶಾಲೆಯ ಗಣಿತ ಪುಸ್ತಕವನ್ನು ಸಾಹಿತ್ಯ ವಿಮರ್ಶೆ ತನ್ನ ವಸ್ತುವೆಂದು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಆ ಪುಸ್ತಕದ ಪುಟಪುಟದಲ್ಲಿಯೂ ಪುಟ್ಟ ಕಥನಗಳಿವೆ. ಅಂಗಡಿಗೆ ಹೊರಟ ಹುಡುಗಿ, ಮೊಮ್ಮಕ್ಕಳಿಗೆ ಹಣ್ಣು ಹಂಚುವ ಅಜ್ಜ, ತೋಟಕ್ಕೆ ಬೇಲಿ ಹಾಕಿಸುವ ರೈತ. ಎರಡು ವಾಕ್ಯಗಳಲ್ಲಿ ಒಂದು ಲೋಕ, ಮೂರನೆಯ ವಾಕ್ಯದಲ್ಲಿ ಒಂದು ಪ್ರಶ್ನೆ. ಸೂಸನ್ ಗೆರೋಫ್‌ಸ್ಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಕ್ಯರೂಪದ ಲೆಕ್ಕವನ್ನು ಒಂದು ಸಾಹಿತ್ಯ ಪ್ರಕಾರವಾಗಿಯೇ ಓದಿದ್ದಾರೆ. ಈ ಪ್ರಕಾರಕ್ಕೂ ತನ್ನದೇ ಆದ ಕಟ್ಟುಪಾಡುಗಳಿವೆ. ಅಂಗಡಿಯವನ ಬಳಿ ಚಿಲ್ಲರೆ ಇದೆಯೇ, ಅಜ್ಜನಿಗೆ ಯಾವ ಮೊಮ್ಮಗಳ ಮೇಲೆ ಅಕ್ಕರೆ ಹೆಚ್ಚು ಎಂದು ಓದುಗ ಕೇಳಬಾರದು. ಹೇಳಿದ ಸಂಖ್ಯೆಗಳನ್ನು ಹೊರತೆಗೆದು, ಹೇಳದೆ ಉಳಿದ ಎಲ್ಲವನ್ನೂ ಮರೆತುಬಿಡಬೇಕು.

ಈ ಮರೆವು ಎಷ್ಟು ಆಳವಾಗಿ ಬೇರೂರಬಲ್ಲದು ಎಂಬುದನ್ನು ಫ್ರಾನ್ಸಿನ ಗ್ರೆನೋಬಲ್ಲಿನ ಸಂಶೋಧಕರು 1980ರ ಸುಮಾರಿಗೆ ತೋರಿಸಿದರು. ಹಡಗಿನಲ್ಲಿ 26 ಕುರಿ, 10 ಮೇಕೆಗಳಿದ್ದರೆ ಹಡಗಿನ ನಾಯಕನ ವಯಸ್ಸೆಷ್ಟು ಎಂದು ಅವರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೇಳಿದರು. ಅನೇಕ ಮಕ್ಕಳು 36 ಎಂದು ಉತ್ತರಿಸಿದರು. ಆ ಮಕ್ಕಳು ದಡ್ಡರಾಗಿರಲಿಲ್ಲ. ಅವರು ಆ ಪ್ರಕಾರದ ನಿಷ್ಠಾವಂತ ಓದುಗರಾಗಿದ್ದರು.

ದಿನಬಳಕೆಯ ಸಂದರ್ಭಗಳ ಮೂಲಕ ಗಣಿತ ಕಲಿಸಬೇಕೆಂಬ ಇಂದಿನ ಒಪ್ಪಿತ ವಿಚಾರವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವ ಅಗತ್ಯವಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಚಿಂತನೆಯ ಗಣಿತೀಕರಣವನ್ನು ಗಣಿತ ಬೋಧನೆಯ ಮುಖ್ಯ ಗುರಿಯೆಂದು ಸಾರಿತು. ಅದರ ಬೆನ್ನಿಗೆ ಎನ್‌ಸಿಇಆರ್‌ಟಿ ಹೊರತಂದ ‘ಮ್ಯಾಥ್-ಮ್ಯಾಜಿಕ್’ ಸರಣಿ ಭಾರತದ ಗಣಿತ ಪಠ್ಯದ ಚಹರೆಯನ್ನೇ ಬದಲಿಸಿತು. ನಾಲ್ಕನೆಯ ತರಗತಿಯ ಪುಸ್ತಕ ಇಟ್ಟಿಗೆ ಕಟ್ಟಡದ ವಿನ್ಯಾಸಗಳಿಂದ, ಮುರ್ಷಿದಾಬಾದಿನ ಗಾರೆ ಕೆಲಸಗಾರರಿಂದ ಆರಂಭವಾಗುತ್ತದೆ. ಅದೇ ಪುಸ್ತಕದಲ್ಲಿ ಗುಜರಿ ವ್ಯಾಪಾರ ಮಾಡುವ ಕಿರಣ್ ಎಂಬ ಹೆಣ್ಣುಮಗಳಿದ್ದಾಳೆ. ಐದನೆಯ ತರಗತಿಯ ಮೊದಲ ಪಾಠ ಮೀನುಗಾರರದು. ದೈಹಿಕ ದುಡಿಮೆಯನ್ನು ನಂಬಿದವರು ಗಣಿತ ಬಲ್ಲವರಾಗಿ, ಲೆಕ್ಕದ ಕರ್ತೃಗಳಾಗಿ ಪುಸ್ತಕದೊಳಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬದುಕು ಪಠ್ಯದೊಳಗೆ ಬಂದಾಗ ಅದು ಯಾವ ನುಡಿಯಲ್ಲಿ ಬರುತ್ತದೆ? ಬಂದ ಮೇಲೆ ಲೆಕ್ಕವನ್ನು ಪ್ರಶ್ನಿಸುವ ಹಕ್ಕು ಅದಕ್ಕೆ ಇರುತ್ತದೆಯೇ?

ಈ ಪ್ರಶ್ನೆಯನ್ನು ಗಡಿನಾಡಿನಿಂದ ಕೇಳಿದಾಗ ಅದರ ಮೊನಚು ಹೆಚ್ಚುತ್ತದೆ. ಇಟಿಕ್ಯಾಲ ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ ಕೇಂದ್ರ. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ಸೀಮೆಯನ್ನು ತೆಲುಗಿನಲ್ಲಿ ‘ನಡಿಗಡ್ಡ’ ಎನ್ನುತ್ತಾರೆ. ಹೈದರಾಬಾದ್ ಸಂಸ್ಥಾನದಲ್ಲಿ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳಿತು. ಗಡಿರೇಖೆ ಮತ್ತು ಆ ರೇಖೆಯಾಚೆ ಉಳಿದವರಿಗೆ ಕೊಟ್ಟ ಭರವಸೆ ಒಂದೇ ವರ್ಷದ ಕೂಸುಗಳು.

ಆ ಭರವಸೆ ಎಲ್ಲೆಡೆ ಒಂದೇ ರೀತಿ ಈಡೇರಿಲ್ಲ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಗದ್ವಾಲದ ಕಡೆ ಶಾಲೆಯ ನುಡಿ ತೆಲುಗು; ಕನ್ನಡ ಮನೆಯ, ಹೊಲದ, ನೆಂಟಸ್ತಿಕೆಯ ನುಡಿಯಾಗಿ ಉಳಿದಿದೆ. 2022-23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳ ಒಂದರಿಂದ ಎಂಟನೆಯ ತರಗತಿಗಳಲ್ಲಿ ಇಂಗ್ಲಿಷ್ ಮಾಧ್ಯಮ ಜಾರಿಗೆ ಬಂದಿತು. ಅದರೊಂದಿಗೆ ಬಂದ ದ್ವಿಭಾಷಾ ಪಠ್ಯಪುಸ್ತಕಗಳಲ್ಲಿ ಒಂದು ಪುಟ ಇಂಗ್ಲಿಷಿನದಾದರೆ ಎದುರು ಪುಟ ತೆಲುಗಿನದು. ಕನ್ನಡ ಮನೆಯಿಂದ ಬಂದ ಮಗು ಈ ಎರಡು ಪುಟಗಳ ನಡುವೆ ಕೂತು ಲೆಕ್ಕ ಬಿಡಿಸುತ್ತದೆ. ‘ನಿಮ್ಮ ದಿನನಿತ್ಯದ ಬದುಕಿನಿಂದ’ ಎಂದು ಪುಸ್ತಕ ಹೇಳುವಾಗ ಆ ಬದುಕು ನಡೆಯುವ ಮಾತು ಎರಡು ಪುಟಗಳಲ್ಲಿಯೂ ಇರುವುದಿಲ್ಲ.

ಇದಕ್ಕೆ ಸುಲಭವಾಗಿ ಹೊಳೆಯುವ ಪರಿಹಾರವೊಂದಿದೆ: ನಾಮಪದಗಳನ್ನು ಬದಲಿಸುವುದು. ಸೇಬಿನ ಜಾಗದಲ್ಲಿ ಶೇಂಗಾ, ಮೆಟ್ರೋ ರೈಲಿನ ಜಾಗದಲ್ಲಿ ಬೀಚುಪಲ್ಲಿಯ ಸೇತುವೆ. ಅನುವಾದ ಚರಿತ್ರೆಯಲ್ಲಿ ಇದು ಹೊಸತಲ್ಲ. ಮಾನ್ಯಖೇಟದ ದೊರೆ ಅಮೋಘವರ್ಷನನ್ನು ಸ್ತುತಿಸುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ 9ನೆಯ ಶತಮಾನದ ಸಂಸ್ಕೃತ ಕೃತಿ. ಅದನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದಾಗ ಮೂಲದ ಜೈನ ಆವರಣವನ್ನು ತೆಗೆದು ಶೈವ ಆವರಣವನ್ನು ಇಟ್ಟನು. ಲೆಕ್ಕ ಹಾಗೆಯೇ ಉಳಿಯಿತು, ಲೋಕ ಬದಲಾಯಿತು. ಗಣಿತದ ಉದಾಹರಣೆಗಳು ನಿರ್ಲಿಪ್ತವಲ್ಲ, ಅವು ಯಾರದೋ ನಂಬಿಕೆ, ಯಾರದೋ ಮನೆಯಂಗಳ ಎಂಬ ಅರಿವು ಆ ಅನುವಾದಕನಿಗೆ ಇದ್ದಿತು.

ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯ ತನ್ನ ಕೃತಿಗೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟನು. ‘ವ್ಯವಹಾರ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಶಾಸ್ತ್ರದ ಪರಿಭಾಷೆಯಲ್ಲಿ ಅದು ಗಣಿತದ ಪ್ರಕರಣಗಳ ಹೆಸರು. ರೂಢಿಯಲ್ಲಿ ಅದು ಕೊಡುಕೊಳ್ಳುವಿಕೆ. ನ್ಯಾಯದ ನುಡಿಯಲ್ಲಿ ವ್ಯಾಜ್ಯ. ಕೊನೆಯ ಎರಡು ಅರ್ಥಗಳಲ್ಲಿಯೂ ಕನಿಷ್ಠ ಇಬ್ಬರಿರುತ್ತಾರೆ, ಉತ್ತರದಿಂದ ಒಬ್ಬನಿಗೆ ಲಾಭ ಅಥವಾ ನಷ್ಟ ಇರುತ್ತದೆ. ಇಂದಿನ ಪಠ್ಯದ ‘ಸಂದರ್ಭ’ದಲ್ಲಿ ಕಾಣೆಯಾಗಿರುವುದು ಬಹುಮಟ್ಟಿಗೆ ಈ ಎರಡನೆಯವನೇ. ಶೇಂಗಾ ಬಂದಿರುತ್ತದೆ, ಶೇಂಗಾದ ವ್ಯವಹಾರ ಬಂದಿರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ರೈತನ ಬಳಿ 12 ಚೀಲ ಶೇಂಗಾ ಇದೆ, ಒಂದೊಂದು ಚೀಲ 40 ಕಿಲೋ ತೂಗುತ್ತದೆ, ಒಟ್ಟು ತೂಕವೆಷ್ಟು? ಉತ್ತರ 480 ಕಿಲೋ. ಇದು ಸ್ಥಳೀಯವಾಗಿ ಕಾಣುವ ಲೆಕ್ಕ. ಆದರೆ ಶೇಂಗಾ ಪದವನ್ನು ತೆಗೆದು ಸಿಮೆಂಟ್ ಎಂದಿಟ್ಟರೂ ಏನೂ ಬದಲಾಗದು. ಇನ್ನೊಂದು ಪಾಠ ಹೀಗಿರಬಹುದು: ಬರಿಯ ಚೀಲದ ತೂಕ 1 ಕಿಲೋ, ಅಡತಿ ಅಂಗಡಿಯಲ್ಲಿ ಚೀಲಕ್ಕೆಂದು 2 ಕಿಲೋ ಕಳೆಯುತ್ತಾರೆ, ರೈತನಿಗೆ ಎಷ್ಟು ಕಿಲೋದ ಹಣ ಬಾರದೆ ಹೋಯಿತು? ಕಾಳಿನ ನಿಜ ತೂಕ 468 ಕಿಲೋ, ಅಂಗಡಿಯ ಲೆಕ್ಕದಲ್ಲಿ 456, ನಡುವಣ ವ್ಯತ್ಯಾಸ 12 ಕಿಲೋ. ಇಲ್ಲಿ ಬೇಕಾದದ್ದು ಅದೇ ಗುಣಾಕಾರ, ಅದೇ ವ್ಯವಕಲನ. ಆದರೆ ಅಪ್ಪನ ಜೊತೆ ಮಾರುಕಟ್ಟೆಗೆ ಹೋಗಿ ಬಂದ ಮಗು ‘ನಮ್ಮಲ್ಲಿ ಹಮಾಲಿಯನ್ನೂ ಹಿಡಿಯುತ್ತಾರೆ’ ಎಂದು ಹೇಳಲು ಇಲ್ಲಿ ಅವಕಾಶವಿದೆ. ಮಗುವಿನ ತಿಳಿವು ಲೆಕ್ಕದ ದತ್ತಾಂಶವನ್ನು ತಿದ್ದಬಲ್ಲದು. ಸಂದರ್ಭ ನಿಜವೇ ಅಲ್ಲವೇ ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇರೆ ಬೇಕಿಲ್ಲ.

ಹಾಗೆಂದು ಬದುಕಿನ ಲೆಕ್ಕ ಬಲ್ಲ ಮಗು ಶಾಲೆಯ ಲೆಕ್ಕವನ್ನು ತಾನಾಗಿ ಬಲ್ಲದು ಎಂದು ಭಾವಿಸಲಾಗದು. ಟೆರೆಸಿನ್ಹಾ ನ್ಯೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಬ್ರೆಜಿಲ್‌ನ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಪ್ರಸಿದ್ಧ ಆಕರ. ವ್ಯಾಪಾರ ನಡೆಯುತ್ತಿರುವಾಗ ಬಾಯಿಮಾತಿನಲ್ಲಿ ಕೇಳಿದ ಲೆಕ್ಕಗಳಲ್ಲಿ ಶೇ. 98.2 ಸರಿ ಉತ್ತರ ಬಂದವು. ಅದೇ ಬಗೆಯ ಲೆಕ್ಕಗಳನ್ನು ಪರೀಕ್ಷೆಯ ರೂಪದಲ್ಲಿ, ವಾಕ್ಯಗಳ ಸಂದರ್ಭದೊಡನೆ ಕೊಟ್ಟಾಗ ಶೇ. 73.7, ಬರಿಯ ಅಂಕಿಗಳಾಗಿ ಕೊಟ್ಟಾಗ ಶೇ. 36.8. ಒಂದಕ್ಕೆ 35 ಕ್ರುಜೇರೊ ಬೆಲೆಯ ನಾಲ್ಕು ತೆಂಗಿನಕಾಯಿಗಳ ಬೆಲೆಯನ್ನು ಮೂರರ ಬೆಲೆ 105ಕ್ಕೆ ಮೂವತ್ತು, ಮತ್ತೆ ಐದು ಸೇರಿಸಿ 140 ಎಂದು ಸರಿಯಾಗಿ ಹೇಳಿದ ಮಗು, 35×4 ಎಂದು ಹಾಳೆಯ ಮೇಲೆ ಬರೆದಾಗ 200 ಎಂಬ ಉತ್ತರಕ್ಕೆ ತಲುಪಿತು.

ಈ ಅಧ್ಯಯನವನ್ನು ಸಂದರ್ಭದ ಪರವಾದ ಸಾಕ್ಷಿಯಾಗಿ ಉಲ್ಲೇಖಿಸುವುದು ರೂಢಿ. 36.8ರಿಂದ 73.7ಕ್ಕೆ ಏರಿದ್ದು ಆ ಮಟ್ಟಿಗೆ ಸಾಕ್ಷಿಯೂ ಹೌದು. ಪಠ್ಯವಿಮರ್ಶೆಯ ಕಣ್ಣಿಗೆ ಬೀಳಬೇಕಾದದ್ದು ಮೇಲಿನ ಅಂತರ. 98.2ಕ್ಕೂ 73.7ಕ್ಕೂ ನಡುವೆ ಸಂದರ್ಭ ಇದ್ದೇ ಇದೆ, ಮಗು ಅದೇ ಮಗು. ಬದಲಾದದ್ದು ನಿರೂಪಣೆ: ಎದುರಿಗೆ ಗಿರಾಕಿಯಿಲ್ಲ, ಕೈಯಲ್ಲಿ ಕಾಯಿಯಿಲ್ಲ, ಮಾತು ಪರೀಕ್ಷಕನದು. ಬದುಕು ಪಠ್ಯವಾಗುವಾಗ ಸೋರಿಹೋಗುವ ಭಾಗ ಇದು. ರೆಸೀಫೆಯಲ್ಲಿ ಬೀದಿಯ ಮಾತೂ ಪರೀಕ್ಷೆಯ ಮಾತೂ ಪೋರ್ಚುಗೀಸೇ ಆಗಿದ್ದವು. ಇಟಿಕ್ಯಾಲದ ಕನ್ನಡ ಮನೆಯ ಮಗುವಿಗೆ ಇದರ ಮೇಲೆ ನುಡಿಯ ಅಂತರವೂ ಸೇರುತ್ತದೆ.

ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ನಾಣ್ಯದ ಇನ್ನೊಂದು ಮುಖವನ್ನೂ ತೋರಿಸಿತು. ಮಾರುಕಟ್ಟೆಯ ಮಕ್ಕಳು ಶಾಲಾ ರೂಪದ ಲೆಕ್ಕಗಳಲ್ಲಿ ತಡವರಿಸಿದರು. ಮಾರುಕಟ್ಟೆಯ ಅನುಭವವಿಲ್ಲದ ಶಾಲಾ ಮಕ್ಕಳು ವ್ಯಾಪಾರದ ಲೆಕ್ಕಗಳಲ್ಲಿ ತಡವರಿಸಿದರು. ಎರಡು ದಡಗಳ ನಡುವೆ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ ಎಂಬುದು ಇದರ ಸಾರ.

ಆ ಸೇತುವೆಯ ಸಾಮಗ್ರಿ ಯಾವುದು? ಗಡಿನಾಡಿನ ಮಟ್ಟಿಗೆ ಒಂದು ಉತ್ತರ ಸಂಖ್ಯಾವಾಚಕಗಳಲ್ಲಿಯೇ ಇದೆ. ಭಿನ್ನರಾಶಿ ಪ್ರಾಥಮಿಕ ಗಣಿತದ ಕಠಿಣ ಘಟ್ಟ. ಶಾಲೆಯ ಮಾತಿನಲ್ಲಿ 3/4 ಎಂಬುದು ‘ಮೂರು ಬೈ ನಾಲ್ಕು’: ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಗೆರೆ. ಮನೆಯ ಮಾತಿನಲ್ಲಿ ಅದು ‘ಮುಕ್ಕಾಲು’. ಮೂರು ಕಾಲುಗಳು ಸೇರಿ ಮುಕ್ಕಾಲು ಎಂಬ ವಿವರಣೆ ಆ ಪದದ ಒಳಗೇ ಇದೆ. ತೆಲುಗಿನ ‘ಮುಪ್ಪಾವು’ ಕೂಡ ಹಾಗೆಯೇ: ಮೂರು ಪಾವುಗಳು. ಕನ್ನಡದಲ್ಲಿ ಪಾವು ಎಂದರೆ ಸೇರಿನ ಕಾಲುಭಾಗದ ಅಳತೆ. ತೆಲುಗಿನಲ್ಲಿ ಯಾವುದರ ಕಾಲುಭಾಗವೂ ಪಾವು. ಎರಡೂ ನುಡಿಗಳ ನಡುವೆ ಬೆಳೆದ ಮಗುವಿನ ಬಾಯಲ್ಲಿ ಅಳತೆಯೊಂದು ಅಮೂರ್ತ ಸಂಖ್ಯೆಯಾಗುವ ದಾರಿ ಹೀಗೆ ಸಿದ್ಧವಾಗಿಯೇ ಇದೆ. ಕಲ್ಯಾಣ ಕರ್ನಾಟಕದ ಸಂತೆಗಳಲ್ಲಿ ಕೇಳುವ ‘ದೀಡ್ ನೂರು’ ಎಂಬ ಮಾತು ಒಂದೂವರೆಯನ್ನು ಗುಣಕವಾಗಿ ಬಳಸುತ್ತದೆ. ಹಳೆಯ ಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿಗಳಿದ್ದವು. ತಮಿಳು ತಿಣ್ಣೆ ಶಾಲೆಗಳ ಇಂತಹ ಕಂಠಸ್ಥ ಗಣಿತವನ್ನು ಸೆಂಥಿಲ್ ಬಾಬು 2022ರ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಕನ್ನಡದ ಮಗ್ಗಿಗಳಿಗೆ ಅಷ್ಟು ಸಾವಧಾನದ ಅಧ್ಯಯನ ದೊರೆಯಬೇಕಾಗಿದೆ.

ಈ ಮಾತುಗಳು ಲೆಕ್ಕದೊಳಗೆ ಬಂದಾಗ ಏನಾಗುತ್ತದೆ ಎಂಬುದನ್ನು ಜಮೀನಿನ ಪಾಲಿನ ಒಂದು ಪಾಠದಲ್ಲಿ ನೋಡಬಹುದು. ಎರಡು ಎಕರೆ ಹತ್ತು ಗುಂಟೆ ಹೊಲವನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಬೇಕು. ಎಕರೆಗೆ 40 ಗುಂಟೆ, ಒಟ್ಟು 90 ಗುಂಟೆ, ಒಬ್ಬೊಬ್ಬರಿಗೆ 30 ಗುಂಟೆ, ಅಂದರೆ ಮುಕ್ಕಾಲು ಎಕರೆ. ಇಷ್ಟನ್ನು ಹಳ್ಳಿಯ ಹಿರಿಯರು ಬಾಯಲ್ಲಿಯೇ ಹೇಳುತ್ತಾರೆ. ಆದರೆ ಕಾಗದಪತ್ರಗಳಲ್ಲಿ ಎಕರೆ ಮತ್ತು ಗುಂಟೆಗಳ ನಡುವೆ ಚುಕ್ಕಿಯಿಟ್ಟು 2.10 ಎಂದು ಬರೆಯುವ ರೂಢಿಯಿದೆ. ದಶಮಾಂಶ ಕಲಿತ ಐದನೆಯ ತರಗತಿಯ ಮಗು ಅದನ್ನು ಮೂರರಿಂದ ಭಾಗಿಸಿದರೆ 0.70 ಬರುತ್ತದೆ. ಕಾಗದದ ರೂಢಿಯಲ್ಲಿ ಸರಿಯಾದ ಪಾಲನ್ನು ಬರೆಯುವುದು 0.30 ಎಂದು. ಎರಡು ಚುಕ್ಕಿಗಳು ಒಂದೇ ಬಗೆಯಾಗಿ ಕಾಣುತ್ತವೆ. ಒಂದರ ಹಿಂದೆ ಹತ್ತರ ಗುಂಪು, ಇನ್ನೊಂದರ ಹಿಂದೆ ನಲವತ್ತರ ಗುಂಪು. ಮಗುವಿನ ಮನೆಯ ತಿಳಿವಳಿಕೆ ಇಲ್ಲಿ ಶಾಲೆಯ ಕ್ರಮವನ್ನು ಅಡ್ಡಗಟ್ಟುತ್ತದೆ. ಸ್ಥಾನಬೆಲೆ ಎಂದರೇನು, ಅದು ಹತ್ತರ ಮೇಲೆಯೇ ಏಕೆ ನಿಂತಿರಬೇಕು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಹೊಲದ ಅಂಚಿನಿಂದ ಹೊರಟ ಪಾಠ ಶುದ್ಧ ಗಣಿತದ ಬಾಗಿಲಿಗೆ ಬಂದು ನಿಲ್ಲುತ್ತದೆ.

ತರಗತಿಯ ಹುಡುಗಿಯೊಬ್ಬಳು ‘ಅವರಿಗೆ ಅಕ್ಕ ಇಲ್ಲವೇ’ ಎಂದು ಕೇಳಿದಳೆಂದುಕೊಳ್ಳೋಣ. ಆಂಧ್ರಪ್ರದೇಶದ ಕಾನೂನು ತಿದ್ದುಪಡಿ 1985ರ ಸೆಪ್ಟೆಂಬರಿನಿಂದಲೇ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಅದನ್ನು ದೇಶದ ಹೆಣ್ಣುಮಕ್ಕಳಿಗೆಲ್ಲ ವಿಸ್ತರಿಸಿತು. ಅಕ್ಕ ಬಂದರೆ ಭಾಜಕ ಮೂರರಿಂದ ನಾಲ್ಕಾಗುತ್ತದೆ, ಪಾಲು ಇಪ್ಪತ್ತೆರಡೂವರೆ ಗುಂಟೆಗೆ ಇಳಿಯುತ್ತದೆ. ಭಾಗಾಕಾರ ಮಾಡುವುದನ್ನು ಪುಸ್ತಕ ಕಲಿಸುತ್ತದೆ; ಭಾಜಕವನ್ನು ನಿರ್ಧರಿಸುವವರು ಯಾರೆಂದು ಅದು ಕೇಳುವುದಿಲ್ಲ. ಆ ಹುಡುಗಿಯ ಪ್ರಶ್ನೆಯನ್ನು ವಿಷಯಾಂತರವೆಂದು ಬದಿಗೊತ್ತಿದ ತರಗತಿಯಲ್ಲಿ ‘ನಿಜ ಬದುಕು’ ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಪಠ್ಯಗಳು ಬದುಕನ್ನು ಆಯ್ದು, ತೊಳೆದು, ಒಣಗಿಸಿ ತರುತ್ತವೆ ಎಂಬುದಕ್ಕೆ ಈ ಸೀಮೆಯಲ್ಲಿ ಇನ್ನೂ ಕಟುವಾದ ಸಾಕ್ಷಿಯಿದೆ. ಗದ್ವಾಲ ಸೀಮೆ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಗೆ ಹೆಸರಾದದ್ದು. ಸಂಜೆ ಹೂವಿನ ಗಂಡುಭಾಗವನ್ನು ಕೈಯಿಂದ ಬಿಡಿಸಿ ಮರುದಿನ ಬೆಳಗ್ಗೆ ಪರಾಗ ಸೋಕಿಸುವ ಈ ಸೂಕ್ಷ್ಮ ಕೆಲಸಕ್ಕೆ ಅವಿಭಜಿತ ಆಂಧ್ರದ ಬೀಜದ ಹೊಲಗಳಲ್ಲಿ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಹಚ್ಚುತ್ತಿದ್ದುದನ್ನು 2000ದ ದಶಕದ ಅಧ್ಯಯನಗಳು ದಾಖಲಿಸಿವೆ. ಸಾಲುಗಳ ಪ್ರಮಾಣ, ಹೂಗಳ ಎಣಿಕೆ, ಮುಂಗಡ, ಕೂಲಿ ಕಡಿತ ಎಲ್ಲವೂ ಗಣಿತವೇ. ಆ ಹೊಲ ಲೆಕ್ಕದೊಳಗೆ ಬಂದರೆ ಬಾಲದುಡಿಮೆಯನ್ನು ಸಹಜವೆಂದು ಒಪ್ಪಿದಂತಾಗಬಹುದೆಂಬ ಅಳುಕು ಸಕಾರಣವಾದದ್ದು. ಬಾರದಿದ್ದರೆ ಆ ಮಕ್ಕಳ ದಿನಚರಿಯ ದೊಡ್ಡ ಭಾಗ ‘ದಿನನಿತ್ಯದ ಬದುಕು’ ಎಂಬ ಶೀರ್ಷಿಕೆಯಿಂದ ಹೊರಗುಳಿಯುತ್ತದೆ. ಕೂಲಿಯ ಲೆಕ್ಕವನ್ನು ಕೊಟ್ಟು, ‘ಈ ಕೂಲಿ ನ್ಯಾಯವೇ? ಈ ಕೆಲಸ ಯಾರು ಮಾಡಬೇಕು?’ ಎಂದು ಕೇಳುವ ಪಾಠವೊಂದೇ ಈ ಇಕ್ಕಟ್ಟಿನಿಂದ ಪಾರಾಗುವ ಬಗೆ.

ಇಲ್ಲಿಗೆ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಪಾಲ್ ಡೌಲಿಂಗ್ 1998ರ ತಮ್ಮ ಗ್ರಂಥದಲ್ಲಿ ಬ್ರಿಟನ್ನಿನ ಒಂದು ಶಾಲಾ ಗಣಿತ ಸರಣಿಯನ್ನು ಪರಿಶೀಲಿಸಿದರು. ಬುದ್ಧಿವಂತರೆಂದು ಗುರುತಿಸಿದ ಮಕ್ಕಳ ಪುಸ್ತಕಗಳಲ್ಲಿ ಅಮೂರ್ತ ಗಣಿತ, ಹಿಂದುಳಿದವರೆಂದು ಗುರುತಿಸಿದವರ ಪುಸ್ತಕಗಳಲ್ಲಿ ಅಂಗಡಿ ಮತ್ತು ಅಡುಗೆಮನೆ. ದಿನಬಳಕೆಯ ಸಂದರ್ಭ ಎರಡನೆಯ ಗುಂಪಿಗೆ ಏಣಿಯಾಗಲಿಲ್ಲ, ಬೇಲಿಯಾಯಿತು. ಗಡಿನಾಡಿನ ಮಗುವಿಗೂ ಈ ಅಪಾಯವಿದೆ. ಹೊಲ ಮತ್ತು ಸಂತೆಯ ಲೆಕ್ಕವನ್ನಷ್ಟೇ ಕೊಟ್ಟು, ಸಾಮಾನ್ಯೀಕರಣವನ್ನು ಇಂಗ್ಲಿಷಿನ ಪುಟಕ್ಕೆ ಮೀಸಲಿಟ್ಟರೆ ಕನ್ನಡ ಚಿಲ್ಲರೆ ಎಣಿಸುವ ಭಾಷೆಯಾಗಿ ಉಳಿಯುತ್ತದೆ, ಚಿಂತನೆಯ ಭಾಷೆ ಬೇರೆಯಾಗುತ್ತದೆ. ಅಲ್ಪಸಂಖ್ಯಾತ ನುಡಿಗಳನ್ನು ಗೌರವಿಸುತ್ತಲೇ ಕಿರಿದುಗೊಳಿಸುವ ಈ ವಿಧಾನ ಶಿಕ್ಷಣದಲ್ಲಿ ಅಪರೂಪವಲ್ಲ.

ಆದ್ದರಿಂದ ಸಂದರ್ಭದ ಮೌಲ್ಯವನ್ನು ಅದು ಎಷ್ಟು ಸ್ಥಳೀಯ ಎಂಬುದರಿಂದ ಅಳೆಯುವುದು ಸಾಲದು. ಅದು ಮಗುವಿಗೆ ಎದುರು ಮಾತಾಡಲು ಬಿಡುತ್ತದೆಯೇ, ಮತ್ತು ಆ ಸಂದರ್ಭವನ್ನು ಬಿಟ್ಟು ಮೇಲಕ್ಕೇರಲು ದಾರಿ ಕೊಡುತ್ತದೆಯೇ ಎಂಬ ಎರಡು ಪ್ರಶ್ನೆಗಳು ಮುಖ್ಯ. ಮುಕ್ಕಾಲು ಎಕರೆಯಿಂದ ಮೂರು ಕಾಲುಗಳಿಗೆ, ಅಲ್ಲಿಂದ ಯಾವ ರಾಶಿಯ ಮೂರು ಸಮಭಾಗಗಳಿಗೂ ಹೋಗುವ ನಡಿಗೆಯನ್ನು ಕನ್ನಡದಲ್ಲಿಯೇ ನಡೆಯಬಹುದು, ತೆಲುಗಿನಲ್ಲಿಯೂ ನಡೆಯಬಹುದು. ಇದಕ್ಕೆ ಹೊಸ ಪಠ್ಯಕ್ರಮವೇನೂ ಬೇಕಿಲ್ಲ. ಹೋಬಳಿ-ಮಂಡಲಗಳ ಮಟ್ಟದಲ್ಲಿ ಅಳತೆ, ಭಿನ್ನರಾಶಿ, ಬಡ್ಡಿ, ಪಾಲುಗಳ ಮಾತುಗಳನ್ನು ಸಂಗ್ರಹಿಸಿ, ಕನ್ನಡ-ತೆಲುಗು ಜೋಡಿಯಾಗಿ ಶಿಕ್ಷಕರ ಕೈಗೆ ಕೊಡುವ ಕೆಲಸ ಅಲ್ಪಸಂಖ್ಯಾತ ನುಡಿಗಳ ಅಧ್ಯಯನ ಕೇಂದ್ರಗಳ ಶಕ್ತಿಯೊಳಗೇ ಇದೆ. ನಿಘಂಟುಕಾರರೂ ಗಣಿತ ಶಿಕ್ಷಕರೂ ಒಟ್ಟಿಗೆ ಕೂರಬೇಕಾದ ಕೆಲಸವಿದು. ಇಬ್ಬರೂ ಈವರೆಗೆ ಬೇರೆ ಬೇರೆ ಕೋಣೆಗಳಲ್ಲಿದ್ದಾರೆ.

ದ್ವಿಭಾಷಾ ಪುಸ್ತಕದ ಎರಡು ಪುಟಗಳ ನಡುವೆ ಮೂರನೆಯ ಪುಟ ಅಚ್ಚಾಗುವ ಸಂಭವ ಸದ್ಯಕ್ಕೆ ಕಡಿಮೆ. ಕಪ್ಪುಹಲಗೆಯ ಮೇಲೆ ಜಾಗವಿದೆ. 3/4 ಎಂದು ಬರೆದು, ಅದರ ಪಕ್ಕದಲ್ಲಿ ‘ಮುಪ್ಪಾವು’ ಎಂದು ತಾವು ಬರೆದ ತೆಲುಗು ಶಿಕ್ಷಕರು, ‘ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ’ ಎಂದು ಒಮ್ಮೆ ಕೇಳಿದರೆ ‘ಮುಕ್ಕಾಲು’ ಎಂಬ ಉತ್ತರ ಬರಲು ತಡವಾಗದು.